ಅಪ್ಪನ ಸರದಿಯ ಮಾತು

ಗುರುವಾರ, 13 ನವೆಂಬರ್ 2025. ನಿಗಡಿ

ಇವತ್ತು ನಾನು ಮಾಡಿದ್ದನ್ನು ಅಪ್ಪ ಕ್ಷಮಿಸಲಿಕ್ಕಿಲ್ಲ.

ಪಾರ್ಶ್ವವಾಯು ಬಡಿದು ಎಂಟು ತಿಂಗಳಾಯಿತು, ಅವರ ಬಾಯಿಂದ ಒಂದು ಮಾತು ಹೊರಟಿಲ್ಲ. ಮಾತು ಕಲಿಸಲು ಬರುವ ಮರಾಠಿ ಹುಡುಗಿ "ಕಾಕಾ, ಆ ಮ್ಹಣಾ", ಆ ಅನ್ನಿ, ಎನ್ನುತ್ತಾಳೆ. ನಲವತ್ತು ವರ್ಷ ತಾಳಮದ್ದಳೆಯಲ್ಲಿ ಅರ್ಥ ಹೇಳಿದವರಿಗೆ! ಯಕ್ಷಗಾನದಲ್ಲಿ ವೇಷ ಕಟ್ಟಿ ಕುಣಿದರೆ ಆಟ, ಕೂತು ವಾದಿಸಿದರೆ ಕೂಟ. ಲೋಕಕ್ಕೆಲ್ಲ ಅರ್ಥವೆಂದರೆ ಪದದ ತಿರುಳು. ನಮಗೆ ಅದು ಭಾಗವತರ ಪದ್ಯ ಮುಗಿದ ಮೇಲೆ ಪಾತ್ರಧಾರಿ ಅಲ್ಲೇ ಹೊಸೆಯುವ ಮಾತು. ಪಾತ್ರವೆಂಬುದೂ ಮೊದಲು ಬರೀ ಪಾತ್ರೆಯಾಗಿತ್ತಂತೆ. "ಖಾಲಿ ಇದ್ರೆ ಮಾತ್ರ ರಾಜ ಬಂದು ಕೂರ್ತಾನೆ" ಎಂದು ಅಪ್ಪ ನಮ್ಮ ಹೋಟೆಲಿನ ಸಾಂಬಾರು ಪಾತ್ರೆ ತೋರಿಸಿ ಹೇಳುತ್ತಿದ್ದರು.

ಸಂಜೆ ಕೂಟದ ಎದುರಾಳಿಯ ಹಾಗೆ ಅವರ ಎದುರು ಚಾಪೆ ಹಾಕಿ ಕೂತೆ. "ರಾಜನೇ, ಶರಣು ಬಂದವನನ್ನು ಕೈಬಿಟ್ಟದ್ದೇಕೆ?" ಎಂದು ಕೇಳಿದೆ. ಅವರ ಬೆನ್ನು ನೆಟ್ಟಗಾಯಿತು. ತುಟಿ ಅಲುಗಿತು. ಎದುರಿನವರು ಎಷ್ಟು ಹೊತ್ತು ತೆಗೆದುಕೊಂಡರೂ ಕಾಯಬೇಕು, ಅದು ಕೂಟದ ಮರ್ಯಾದೆ. ನನ್ನಿಂದ ಆಗಲಿಲ್ಲ. ಆ ತುಟಿಯ ಒದ್ದಾಟ ನೋಡಲಾರದೆ ರಾಜನ ಉತ್ತರವನ್ನೂ ನಾನೇ ಹೇಳಿಬಿಟ್ಟೆ.

ಅಪ್ಪ ಗೋಡೆಗೆ ಮುಖ ಮಾಡಿದರು.

"ಅವರ ಅರ್ಥ ನೀನ್ಯಾಕೆ ಹೇಳಿದ್ದು ಮಾರಾಯ್ತಿ?" ಎಂದು ಅಮ್ಮ ಅತ್ತಳು.

ಎಂಟು ತಿಂಗಳಲ್ಲಿ ಮೊದಲ ಸಲ ಮಾತಿಗೆಂದು ಅಲುಗಿದ ತುಟಿ ಅದು. ಇನ್ನೊಮ್ಮೆ ಅಲುಗದಿದ್ದರೆ ಏನು ಮಾಡಲಿ, ಯಾರನ್ನು ಕೇಳಲಿ?

ರಾತ್ರಿ ಊಟಕ್ಕೆ "ಗಂಜಿ ಇನ್ನೂ ಸ್ವಲ್ಪ ಬೇಕಾ ಅಪ್ಪ?" ಎಂದೆ. "ಸಾಕು" ಎಂದದ್ದೂ ನಾನೇ.