ಗುಳಿಗೆಯಿಲ್ಲದ ಜೋಳ

ಯೆಣೆಗೂರ
೧೮ ಸೆಪ್ಟೆಂಬರ್ ೨೦೨೪

ಪ್ರೀತಿಯ ಮಗಳು ಮೀನಲಳಿಗೆ,

ನೀನು, ಅಳಿಯಂದಿರು, ಪುಟ್ಟ ಪ್ರಾಜಕ್ತಾ ಎಲ್ಲರೂ ಸುಖವಾಗಿದ್ದೀರೆಂದು ತಿಳಿದಿದ್ದೇನೆ. ನಿನ್ನ ಅತ್ತೆಯವರ ಮೊಣಕಾಲು ನೋವು ಹೇಗಿದೆ? ಪಂಚಮಿ ಮುಗಿದ ಕೂಡಲೇ ಬರೆಯಬೇಕಿತ್ತು. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಬರೆದೆ, ಹರಿದೆ, ಮತ್ತೆ ಬರೆದೆ. ಫೋನಿನಲ್ಲಿ ಹೇಳೋಣವೆಂದರೆ ನಾನು ‘ಜೋಳ’ ಎನ್ನುವುದರೊಳಗೆ ನೀನು “ಆಮ್ಯಾಲ ಮಾತಾಡ್ತೀನವ್ವಾ” ಎಂದು ಇಟ್ಟುಬಿಡುತ್ತೀ. ನಿನಗೆ ಮರಾಠಿ ಓದುವುದೇ ಸಲೀಸು, ಗೊತ್ತು. ಆದರೆ ಬಸವಕಲ್ಯಾಣದ ಕಡೆಯಿಂದ ಈ ಮರಾಠಿ ಸೀಮೆಗೆ ಬಂದ ನನಗೆ ಸಿಟ್ಟು ಇನ್ನೂ ಕನ್ನಡದಲ್ಲೇ ಬರುತ್ತದೆ. ನಾನು ಕಲಿಸಿದ ಅಕ್ಷರ ಮರೆತಿಲ್ಲವಾದರೆ ಓದು.

ಸಂಕ್ರಾಂತಿಗೆ ಬಂದಾಗ ನೀನು ಕಾಳು ತುಂಬಿಡುವ ತಗಡಿನ ಕೋಠಿಯ ಮುಚ್ಚಳ ತೆಗೆದೆ. ಜೋಳದೊಳಗೆ ಬಟ್ಟೆಯಲ್ಲಿ ಕಟ್ಟಿಟ್ಟ ನುಸಿಯ ಗುಳಿಗೆ ಕಂಡು ಮನೆ ಹಾರಿಹೋಗುವಂತೆ ಕೂಗಿದೆ. “ಇದರ ಗಾಳಿಗೆ ಮನಷಾ ಸಾಯ್ತಾನ ಅವ್ವಾ! ಇದೇ ಖೋಲಿಯಾಗ ನನ್ನ ಕೂಸು ಮಲಗ್ತದ!” ಎಂದು ಮಗುವನ್ನೆತ್ತಿಕೊಂಡು ಮಧ್ಯಾಹ್ನದ ಬಸ್ಸಿಗೇ ಹೊರಟುಹೋದೆ. ನೀನು ಹೇಳಿದ್ದು ಸುಳ್ಳೆಂದು ನಾನು ಎಂದೂ ಅಂದಿಲ್ಲ. ಗುಳಿಗೆ ತಂದವರು ನಿಮ್ಮಪ್ಪ, ಬೈಸಿಕೊಂಡವಳು ನಾನು.

ಹೊಸ ಜೋಳ ಮನೆಗೆ ಬಂದಾಗ, ಇನ್ನು ಗುಳಿಗೆ ಹೊಸ್ತಿಲು ದಾಟಕೂಡದೆಂದು ನಾನು ನಿಮ್ಮಪ್ಪನಿಗೆ ಹೇಳಿದೆ. ಅಷ್ಟೇ ಸಾಕಾಯಿತು, ಊರಿನಲ್ಲಿ ಎಲ್ಲರೂ ನುಸಿಯ ಪಂಡಿತರಾದರು! ಒಬ್ಬರು ಬೂದಿ ಎಂದರು, ಇನ್ನೊಬ್ಬರು ಒಣಮೆಣಸಿನಕಾಯಿ ಎಂದರು. ಪಕ್ಕದ ಮನೆಯ ಪ್ರಯಾಗಬಾಯಿ ದಿನವೂ ಗೋಡೆಯಾಚೆಯಿಂದ, “ಕಶಾಲಾ, ಯಾಕ ಇಷ್ಟು ತ್ರಾಸ ಕಸ್ತೂರಬಾಯಿ? ಎರಡು ಗುಳಿಗಿ ಒಗದು ನಿವಾಂತ ಮಲಗ್ರಿ” ಎನ್ನುವುದು ತಪ್ಪಲಿಲ್ಲ.

ಬೇವಿನ ಎಲೆ ತನ್ನಿ, ನೆರಳಿನಲ್ಲಿ ಒಣಗಿಸಬೇಕು ಎಂದು ನಿಮ್ಮಪ್ಪನಿಗೆ ಹೇಳಿದೆ. ಅವರು ಟೊಂಗೆ ಸಮೇತ ತಂದರು. ಒಣಗುವ ತನಕ ಯಾರು ಕಾಯಬೇಕು? ನಾನು ಶಾವಿಗೆ ಹೊಸೆಯಲು ಹೋಗಿದ್ದಾಗ ಹಸಿ ಎಲೆಯನ್ನೇ ಚೀಲಗಳಿಗೆ ತುರುಕಿ ಬಾಯಿ ಹೊಲಿದುಬಿಟ್ಟರು. ಸ್ವಲ್ಪ ದಿನಕ್ಕೆ ಬಿಚ್ಚಿ ನೋಡಿದರೆ ಜೋಳಕ್ಕೆಲ್ಲ ಬೂಷ್ಟು, ಹಾಳು ಬಾವಿಯ ವಾಸನೆ. ಕೇಳಿದರೆ, “ನುಸಿ ಹತ್ತಿಲ್ಲ ನೋಡು, ಮತ್ತೇನು?” ಎಂದರು. ಇಂಥ ಮನುಷ್ಯನಿಗೆ ಏನು ಹೇಳಲಿ!

ಉಳಿದ ಜೋಳವನ್ನು ನಾನೇ ಬೇಸಿಗೆಯ ಬಿಸಿಲಿಗೆ ಹರವಿದೆ. ಕಾಳು ಹಲ್ಲಿಗೆ ಕಟಕ್ಕೆನ್ನುವಂತಾದ ಮೇಲೆ ಬಿಸಿ ಆರಿಸಿ, ಕೋಠಿಗೆ ತುಂಬುತ್ತ ನಡುನಡುವೆ ಒಣ ಎಲೆ ಹರಡಿದೆ. ತೊಗರಿಗೆ ಔಡಲೆಣ್ಣೆ. ಅಂಗೈಗೆ ಸವರಿಕೊಂಡು ಕಾಳು ತಿಕ್ಕುತ್ತ ಕುಳಿತಿದ್ದರೆ ನಿಮ್ಮಪ್ಪ ಬಾಗಿಲಲ್ಲಿ ನಿಂತು, “ನುಸಿಗಿ ಔಷಧ ಹಚ್ಚಲಿಕತ್ತಿಯೋ, ಒಗ್ಗರಣಿ ಕೊಡಲಿಕತ್ತಿಯೋ?” ಎಂದರು. ಎಣ್ಣೆಗೈಯಿಂದಲೇ ಹೊರಗೆ ದಬ್ಬಿದೆ. ಅವರ ಹೊಸ ಬನಿಯನ್ನಿನ ಮೇಲೆ ನನ್ನ ಬೆರಳುಗಳು ಇನ್ನೂ ಇವೆ, ಎಷ್ಟು ಒಗೆದರೂ ಹೋಗುತ್ತಿಲ್ಲ.

ಮಳೆಗಾಲ ಕಳೆಯುತ್ತ ಬಂತು. ಮೊನ್ನೆ ಕೋಠಿ ತೆರೆದು ಮೊರದಲ್ಲಿ ಕೇರಿದೆ. ಹುಳವೇ ಇಲ್ಲವೆನ್ನಲಾರೆ; ಅಲ್ಲೊಂದು ಇಲ್ಲೊಂದು ಸಿಕ್ಕಿತು. ಆದರೆ ಜೋಳ ಗಟ್ಟಿಯಾಗಿದೆ, ಹಿಟ್ಟು ಉದುರುತ್ತಿಲ್ಲ. ಈಗ ನಿಮ್ಮಪ್ಪ ಹೆದ್ದಾರಿಯ ಚಹಾದಂಗಡಿಯಲ್ಲಿ ಕುಳಿತು, “ನಾವು ಗುಳಿಗಿ ಗಿಳಿಗಿ ಹಾಕಂಗಿಲ್ಲಪಾ” ಎಂದು ಎಲ್ಲರಿಗೂ ಹೇಳುತ್ತಿದ್ದಾರಂತೆ. ಆ ‘ನಾವು’ ಕೇಳಿ ನನ್ನ ಮೈ ಉರಿಯಿತು.

ನಿನ್ನ ತಮ್ಮ ನೀಲೇಶ ನಾಳೆ ನಿಮ್ಮ ಉದಗೀರಕ್ಕೆ ಬರುತ್ತಾನೆ. ಅವನ ಕೈಯಲ್ಲಿ ಅರ್ಧ ಚೀಲ ಜೋಳ, ಒಂದು ಡಬ್ಬಿ ತೊಗರಿ ಕಳಿಸುತ್ತಿದ್ದೇನೆ. ಎಲೆ ಜರಡಿ ಹಿಡಿದು ತೆಗೆ. ಬೀಸಿಸುವ ಮೊದಲು ಕಾಳು ತೊಳೆದು ಒಣಗಿಸು, ಕಹಿ ಇರುವುದಿಲ್ಲ. ಬೇಡವಾದರೆ ಹಿಂದಕ್ಕೆ ಕಳಿಸು. ಹೋದ ಸಲದಂತೆ ಪಾತ್ರೆ ತಿಕ್ಕುವವಳಿಗೆ ಕೊಟ್ಟು, “ಛಲೋ ಇತ್ತವ್ವಾ” ಎಂದು ನನಗೆ ಸುಳ್ಳು ಹೇಳಬೇಡ.

ಅತ್ತೆ ಮಾವನವರಿಗೆ ನಮ್ಮ ಶರಣು ತಿಳಿಸು. ನಿನ್ನ ಒಲೆ ಸದಾ ಬೆಚ್ಚಗಿರಲಿ, ಕೂಸು ಹೊಟ್ಟೆ ತುಂಬ ಉಂಡು ಬೆಳೆಯಲಿ.

ನಿನ್ನ ಅವ್ವ,
ಕಸ್ತೂರಬಾಯಿ

ತಾ.ಕ.: ಇದನ್ನು ಬರೆಯಬಾರದೆಂದೇ ಇದ್ದೆ. ಪಂಚಮಿಗೆ ಬಂದಾಗ ಮಗುವಿಗೆ ಬಿಸ್ಕೀಟು, ಹಾಲಿನ ಪುಡಿ ಎಲ್ಲವನ್ನೂ ನೀನು ಚೀಲದಲ್ಲೇ ತಂದಿದ್ದೆ. ನೀನು ಹಿತ್ತಲಲ್ಲಿದ್ದಾಗ ಪ್ರಾಜಕ್ತಾ ಒಲೆಯ ಹತ್ತಿರ ಬಂದಳು. ಬಿಸಿರೊಟ್ಟಿಗೆ ತುಪ್ಪ ಸವರಿ ಕೊಟ್ಟೆ. ಕೈ ಬೆನ್ನ ಹಿಂದೆ ಕಟ್ಟಿಕೊಂಡು, “ಅಜ್ಜಿ, ನಿಮ್ಮನಿ ರೊಟ್ಟಿ ತಿಂದ್ರ ಸಾಯ್ತಾರಂತ, ಖರೇನ?” ಎಂದಳು. ಇಲ್ಲ ಕೂಸೇ ಎಂದು ನಾನೇ ಮುರಿದು ತಿಂದು ತೋರಿಸಿದೆ. ಆಮೇಲೂ ಆಕೆ ಅಲ್ಲೇ ನಿಂತು, ನಾನು ಸಾಯುತ್ತೇನೇನೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು.