ರಹಿಮಾಳ ಮೀನುಗಳು

ಹಾನಗಲ್ಲ
೨೧ ಮೇ ೧೯೩೯

ಪ್ರೀತಿಯ ಹಾಜರಾಬಿಗೆ,

ನಿನ್ನ ಬಾಲ್ಯದ ಗೆಳತಿ ಗುತ್ತೆವ್ವನ ನೆನಪುಗಳು. ನಾನು ಗಟ್ಟಿಯಾಗಿದ್ದೇನೆ. ಕುಮಟೆಯಲ್ಲಿ ನೀನು, ನಿನ್ನ ಯಜಮಾನರು, ಮಗಳು ರಹಿಮಾ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡೂ ಪತ್ರಗಳು ಮುಟ್ಟಿವೆ. ಉತ್ತರ ಬರೆಯಲು ಕೂತವಳು ಪ್ರತಿ ಸಲವೂ ಎದ್ದುಬಿಟ್ಟಿದ್ದೇನೆ. ಸಿಟ್ಟಾಗಬೇಡ. ಮೊದಲು ಮೀನಿನ ಸುದ್ದಿ ಹೇಳುತ್ತೇನೆ, ರಹಿಮಾ ಅದಕ್ಕೇ ಕಾಯುತ್ತಿರುತ್ತಾಳೆ.

ಯುಗಾದಿ ಮುಗಿದ ಮೇಲೆ ನಿನ್ನ ತಮ್ಮ ಮುನಾಫ ತಾನು ಓಡಿಸುವ ಬಸ್ಸನ್ನು ನಮ್ಮ ಓಣಿಯ ಬಾಯಿಗೇ ತಂದು ನಿಲ್ಲಿಸಿದ. ಬಟ್ಟೆ ಬಿಗಿದ ಮಣ್ಣಿನ ಕೊಡಗಳನ್ನು ಮೇಲಿಂದ ಇಳಿಸಿದ. "ಅಕ್ಕಾರ, ಇದು ಸಮುದ್ರದ ನೀರು. ಇದರಾಗ ಮೀನ ಅದಾವ, ಶಂಖದಾಗಿನ ಏಡಿ ಅದಾವ. ರಹಿಮಾ ಬಂಡೆಗಲ್ಲಿನ ಸಂದ್ಯಾಗ ಹಿಡದಾಳ. ಜೂನದಾಗ ತಾ ಇಲ್ಲೆ ನಿಮ್ಮ ಸಾಲಿಗೆ ಬರೂತನಕ ನೀವು ಜೋಪಾನ ಮಾಡ್ಬೇಕಂತ," ಎಂದ.

ನನಗೋ ಆನಿಕೆರೆಯ ನೀರು ಬಿಟ್ಟರೆ ಬೇರೆ ನೀರು ಗೊತ್ತಿಲ್ಲ. ಸಮುದ್ರವೆಂದರೆ ಶಾಲೆಯ ನಕಾಶೆಯಲ್ಲಿ ಹುಡುಗಿಯರಿಗೆ ಕೋಲಿನಿಂದ ತೋರಿಸುವ ನೀಲಿ ಬಣ್ಣ. ಮನೆಯಲ್ಲಿದ್ದ ಒಳ್ಳೆಯ ಪಾತ್ರೆ ಅವ್ವನ ತಾಮ್ರದ ಹಂಡೆ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿ, ಎಲ್ಲವನ್ನೂ ಅದರಲ್ಲೇ ಸುರುವಿದೆ. ಮರುದಿನ ನೋಡಿದರೆ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಏಡಿಗಳು ಶಂಖ ಬಿಟ್ಟು ಹೊರಗೆ ಬಿದ್ದು ಸತ್ತಿದ್ದವು. ನೀರಿನ ಅಂಚಿನುದ್ದಕ್ಕೂ ಹಸಿರು ಕಿಲುಬು ಕಂಡಾಗ ತಾಮ್ರವೇ ಅವಕ್ಕೆ ವಿಷವಾಯಿತೆಂದು ನನಗೆ ತಿಳಿಯಿತು. ಅವ್ವ ಹೋದ ಮೇಲೆ ನಾನು ಅಷ್ಟು ಅತ್ತಿರಲಿಲ್ಲ.

ಮುನಾಫ ಪುಣ್ಯಾತ್ಮ, ಮತ್ತೊಮ್ಮೆ ತಂದುಕೊಟ್ಟ. ಈ ಸಲ ಅಂಗಡಿಯಲ್ಲಿ ಪೆಪ್ಪರಮಿಂಟು ತುಂಬಿಡುವಂಥ ದೊಡ್ಡ ಗಾಜಿನ ಭರಣಿ ತಂದೆ. ಕೆಳಗೆ ಸಮುದ್ರದ ಉಸುಕು, ಅದರ ಮೇಲೆ ಪಾಚಿ ಹಿಡಿದ ಕಲ್ಲು. ಎಳೆಬಿಸಿಲು ಬೀಳುವ ಕಿಟಕಿಯಲ್ಲಿಟ್ಟೆ. ಹೊಸದರಲ್ಲಿ ನೀರು ಇಳಿದಾಗಲೆಲ್ಲ ಕೊಡದಲ್ಲಿ ಉಳಿದ ಸಮುದ್ರದ ನೀರನ್ನೇ ಹಾಕುತ್ತಿದ್ದೆ. ಮೀನುಗಳು ಮಂಕಾದವು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದರೆ ಬಾಯಿ ಕಹಿಯಾಗುವಷ್ಟು ಉಪ್ಪು. ಬಿಸಿಲಿಗೆ ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಕೂಡುತ್ತದೆ ಎನ್ನುವುದು ಪಾಠ ಹೇಳುವ ನನಗೆ ಹೊಳೆಯಲೇ ಇಲ್ಲ ನೋಡು. ಗಾಜಿಗೆ ಸುಣ್ಣದ ಗೆರೆ ಎಳೆದು, ಆ ಗೆರೆಯವರೆಗೆ ದಿನವೂ ಸ್ವಲ್ಪ ಸ್ವಲ್ಪ ಬಾವಿಯ ಸಿಹಿನೀರು ಹಾಕತೊಡಗಿದೆ. ಮೀನುಗಳು ಮತ್ತೆ ಚುರುಕಾದವು.

ಮನೆಯೊಡತಿ ಮಂಜವ್ವನವರ ಸುದ್ದಿ ಕೇಳು. ಮೊದಲ ದಿನವೇ ಲಿಂಗಪೂಜೆ ಮುಗಿಸಿ ವಿಭೂತಿ ಹಣೆಯಲ್ಲೇ ಬಂದು ನಿಂತರು.

"ಮನ್ಯಾಗ ಮೀನ ತಂದೀಯಂತಲ್ಲ?"

"ತಿನ್ನಾಕಲ್ರಿ, ನೋಡಾಕ."

"ನೋಡಾಕ ಯಾರರ ಮೀನ ಇಡ್ತಾರೇನ? ನಾಳೆ ಹೊರಗ ಹಾಕು."

ನಾಳೆ, ನಾಳೆ ಎನ್ನುತ್ತ ದಿನ ದೂಡಿದೆ. ಮೀನುಗಳಿಗೆ ಹಾಕಲೆಂದು ನೀನು ಕಳಿಸಿದ ಒಣಸಿಗಡಿಯ ಪುಡಿಯನ್ನು ಅವರಿಗೆ ವಾಸನೆ ಬರಬಾರದೆಂದು ಶಾಲೆಯ ಕಪಾಟಿನಲ್ಲಿಟ್ಟು, ಚಿಟಿಕೆಯಷ್ಟು ಕಾಗದದಲ್ಲಿ ಕಟ್ಟಿಕೊಂಡು ಬರುತ್ತಿದ್ದೆ. ಒಂದು ಸಂಜೆ ಬಂದು ನೋಡಿದರೆ ಮಂಜವ್ವನವರೇ ಭರಣಿಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಾರೆ. ಏಡಿಯೊಂದು ಹಳೆಯ ಶಂಖ ಬಿಟ್ಟು ದೊಡ್ಡದರೊಳಗೆ ನುಗ್ಗುತ್ತಿತ್ತು. ಅವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನನ್ನನ್ನು ಕಂಡು, "ಎಷ್ಟ ತಡಾ ಮಾಡಿದಿ? ಹಸದಾವ ನೋಡ ಅವು," ಎಂದು ನನ್ನನ್ನೇ ಗದರಿಸಿದರು. ಅಂದಿನಿಂದ ಸಂಜೆಯಾದರೆ ಅವರ ಮಣೆ ಅಲ್ಲೇ.

ಈಗ ಶಾಲೆಗೆ ಸೂಟಿ. ಹುಡುಗಿಯರ ಗದ್ದಲವಿಲ್ಲ. ಗಂಡ ಹೋಗಿ ಇಷ್ಟು ವರ್ಷವಾದರೂ ಒಬ್ಬಳಿಗೇ ಅಡಿಗೆ ಮಾಡುವುದು ನನಗೆ ರೂಢಿಯಾಗಿಲ್ಲ, ರೊಟ್ಟಿ ಯಾವಾಗಲೂ ಹೆಚ್ಚಾಗುತ್ತವೆ. ಮಧ್ಯಾಹ್ನ ಭರಣಿಯ ಪಕ್ಕದಲ್ಲೇ ಅಡ್ಡಾಗುತ್ತೇನೆ. ಮೀನುಗಳು ಗಾಜಿನವರೆಗೆ ಬಂದು ನನ್ನನ್ನು ನೋಡಿ ತಿರುಗಿ ಹೋಗುತ್ತವೆ. ಕೆಲವು ದಿನ ನಾನು ಮಾತನಾಡುವುದು ಅವುಗಳ ಜೊತೆ ಮಾತ್ರ.

ರಹಿಮಾಳಿಗೆ ಹೇಳು, ಅವಳ ಮೀನುಗಳೆಲ್ಲ ಚೆನ್ನಾಗಿವೆ, ಏಡಿಗಳು ದಪ್ಪಗಾಗಿವೆ. ಅವಳು ಓದಿ ಜಾಣೆಯಾಗಲಿ, ನೂರು ವರ್ಷ ಬಾಳಲಿ. ನಿನ್ನ ಯಜಮಾನರಿಗೆ ಶರಣು ತಿಳಿಸು.

ನಿನ್ನ
ಗುತ್ತೆವ್ವ

ತಾ. ಕ.: ಉತ್ತರವನ್ನು ಇಲ್ಲಿಯವರೆಗೆ ದೂಡಿಕೊಂಡು ಬಂದೆ, ಹಾಜರಾ. ರಹಿಮಾಳನ್ನು ಕಳಿಸಬೇಡ. ನನ್ನ ಜೊತೆ ಇಟ್ಟುಕೊಂಡು ಓದಿಸಲೇ ಎಂದು ಮಂಜವ್ವನವರನ್ನು ಕೇಳಿದ್ದೆ. ಅವರು ಭರಣಿಯ ಮುಂದೆಯೇ ಕೂತಿದ್ದರು. ಜೋರು ಮಾಡಲಿಲ್ಲ. "ಮೀನ ಇರ್ಲಿ, ಗುತ್ತೆವ್ವ. ಮುಸಲರ ಹುಡಗಿ ಬ್ಯಾಡ. ಈ ಓಣ್ಯಾಗ ನಾ ಬಾಳೇವು ಮಾಡಬೇಕು," ಎಂದರು. ಬೇರೆ ಮನೆಗಳನ್ನೂ ಕೇಳಿ ಬಂದೆ. ಮಗು ಯಾರದೆಂದು ಹೇಳಿದ ಕೂಡಲೇ ಮನೆ ಖಾಲಿ ಇಲ್ಲ ಎನ್ನುತ್ತಾರೆ. ನಿಮ್ಮವರ ಓಣಿಯಲ್ಲಿ ಒಂದು ಖೋಲಿ ಸಿಕ್ಕಿತ್ತು. ನಾನು ಅಲ್ಲಿಗೆ ಹೋದರೆ ನಮ್ಮ ಹುಡುಗಿಯರನ್ನು ಶಾಲೆ ಬಿಡಿಸುತ್ತೇವೆಂದು ತಾಯಂದಿರು ಮನೆಗೇ ಬಂದು ಹೇಳಿಹೋದರು.

ಮಗುವಿಗೆ ಏನು ಹೇಳಬೇಕೆಂದು ನೀನೇ ನೋಡು, ನನಗೆ ತೋಚುತ್ತಿಲ್ಲ. ಅವಳಿಗೆಂದು ಅವ್ವನ ಹಳೆಯ ಸೀರೆಗಳಲ್ಲಿ ಒಂದು ಕೌದಿ ಹೊಲಿದಿದ್ದೆ. ಮುನಾಫನ ಕೈಯಲ್ಲಿ ಕಳಿಸಿದ್ದೇನೆ. ನಾನು ಹೊದ್ದು ನೋಡಿದೆ, ನನಗೆ ಅದು ಗಿಡ್ಡ.