ಬಚ್ಚಲ ದೀಪದ ಅರ್ಥ

ಅಜ್ಜಂಪುರ
೧೧ ಫೆಬ್ರವರಿ ೨೦೨೫

ಪ್ರೀತಿಯ ಸೊಸೆ ಸಂಗೀತಾಗೆ ಅತ್ತೆಯ ಆಶೀರ್ವಾದ.

ನಿನ್ನ ಮೈ ಹೇಗಿದೆ? ಕೂಸು ಹಾಲು ಕುಡಿದು ಚೆನ್ನಾಗಿ ನಿದ್ದೆ ಮಾಡುತ್ತಿದ್ದಾಳೆಯೇ? ಕಿವಿಗೆ ಹತ್ತಿ ಇಟ್ಟುಕೋ, ಕಡೂರಿನ ಗಾಳಿ ನನಗೆ ಗೊತ್ತು. ಬೀಗಿತ್ತಿಯವರಿಗೆ ನನ್ನ ಶರಣು ಹೇಳು. ಫೋನಿರುವಾಗ ಮುದುಕಿ ಕಾಗದ ಯಾಕೆ ಬರೆದಳು ಎಂದು ನಗಬೇಡ. ನಾನು ಫೋನ್ ಹಿಡಿದರೆ ನಿನ್ನ ಗಂಡ ಕಿವಿ ನೆಟ್ಟಗೆ ಮಾಡಿಕೊಂಡು ಪಕ್ಕದಲ್ಲೇ ನಿಲ್ಲುತ್ತಾನೆ.

ನೀನೂ ಕೂಸೂ ಬರುತ್ತೀರೆಂದು ರುದ್ರಮೂರ್ತಿ ಹಿತ್ತಲಲ್ಲಿ ಹೊಸ ಕೋಣೆ, ಬಚ್ಚಲು ಕಟ್ಟಿಸಿದನಲ್ಲ, ಹಳೆಯ ಮನೆಯಿಂದ ತಂತಿ ಎಳೆದು ವೈರಿಂಗನ್ನೂ ತಾನೇ ಮಾಡಿದ. ಮಗನ ಕೈಚಳಕ ನೋಡಿ ನಾನೂ ಬೀಗಿದ್ದೆ. ನಿನ್ನೆ ಅದನ್ನು ಪರೀಕ್ಷಿಸಲು ಕರೆಂಟ್ ಆಫೀಸಿನಿಂದ ಎಂಜಿನಿಯರ್ ದೀಪಶ್ರೀ ಬಂದಳು. ಎಲ್ಲ ನೋಡಿ, "ಈ ಮನೇಲಿ ಅರ್ಥ್ ಇಲ್ಲ ಕಣ್ರೀ" ಎಂದಳು. ನನಗೆ ಮೈಯೆಲ್ಲ ಉರಿಯಿತು. "ಅರ್ಥ ಇಲ್ದೆ ಏನಮ್ಮಾ? ನಮ್ಮತ್ತೆ ಬಾಳಿದ ಮನೆ, ಗುರುಗಳು ಪಾದ ಇಟ್ಟ ಮನೆ!" ಎಂದು ಜಗಳಕ್ಕೇ ನಿಂತೆ. ಹುಡುಗಿ ನಗು ತಡೆದುಕೊಂಡು, "ಅಜ್ಜೀ, ಅರ್ಥ್ ಅಂದ್ರೆ ಭೂಮಿ. ಕರೆಂಟು ದಾರಿ ತಪ್ಪಿದ್ರೆ ಭೂಮಿತಾಯಿ ಒಳಕ್ಕೆ ಎಳ್ಕೋಬೇಕು. ಅದಕ್ಕೊಂದು ತಂತಿ ಬಿಡಬೇಕು, ನಿಮ್ಮನೇಲಿ ಬಿಟ್ಟಿಲ್ಲ" ಎಂದಳು. ಎಲ್ಲವನ್ನೂ ಹೊರುವ ಭೂಮಿ ಇದನ್ನೂ ಹೊರುತ್ತಾಳೆಂದು ಈ ವಯಸ್ಸಿನವರೆಗೂ ನನಗೆ ತಿಳಿದಿರಲಿಲ್ಲ ನೋಡು.

ಅಷ್ಟಕ್ಕೇ ಮುಗಿಯಲಿಲ್ಲ. ಬಚ್ಚಲ ದೀಪ ಆರಿಸಿ, ಬಲ್ಬು ಬಿಚ್ಚಿ, ಹೋಲ್ಡರಿಗೆ ಟೆಸ್ಟರ್ ಮುಟ್ಟಿಸಿದಳು. ಶಿವನೇ! ಟೆಸ್ಟರಿನೊಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿಕೊಂಡಿತು. ಸ್ವಿಚ್ಚು ಆರಿದೆ, ದೀಪವಿಲ್ಲ, ಆದರೂ ಕರೆಂಟು ಅಲ್ಲೇ ಉಸಿರು ಬಿಗಿಹಿಡಿದು ಕೂತಿದೆ. ಸ್ವಿಚ್ಚು ಕರೆಂಟು ಬರುವ ತಂತಿಯನ್ನು ತಡೆಯಬೇಕಂತೆ, ನಮ್ಮವನು ವಾಪಸ್ಸು ಹೋಗುವ ತಂತಿಗೆ ಹಾಕಿದ್ದಾನೆ. "ಹೆಂಗಾದ್ರೂ ದೀಪ ಆರುತ್ತಲ್ಲ ಮೇಡಂ, ರೂಲ್ಸಿಗೂ ಅಷ್ಟೇ ತಾನೇ ಬೇಕು" ಎಂದು ಅವನ ವಾದ. "ರೂಲ್ಸ್ ಬರೆದಿರೋದು ಒದ್ದೆ ಕೈಲಿ ಹೋಲ್ಡರ್ ಮುಟ್ಟೋರಿಗೆ ಕಣ್ರೀ" ಎಂದು ಅವಳು ಒಪ್ಪಿಗೆ ಕೊಡದೆ ಹೋದಳು. ದೀಪ ಮಿಣುಕಿದಾಗೆಲ್ಲ ಒದ್ದೆ ಕೈಯಲ್ಲೇ ಬಲ್ಬು ತಿರುಗಿಸುವವಳು ನಾನು. ನನ್ನನ್ನು ಎಂದೂ ಕಾಣದ ಯಾರೋ ಎಲ್ಲೋ ಕೂತು ನನ್ನ ಕೈಯನ್ನು ನೆನೆದು ನಿಯಮ ಬರೆದಿದ್ದಾರಲ್ಲ! ಆ ಪುಣ್ಯಾತ್ಮರಿಗೆ ಅಲ್ಲೇ ನಿಂತು ಕೈ ಮುಗಿದೆ.

ಕೂಸಿಗೆ ಅಜ್ಜಿಯ ಮುತ್ತು. ಗುರು ನಿಮ್ಮಿಬ್ಬರನ್ನೂ ತಂಪಾಗಿಡಲಿ.

ಇಂತಿ ನಿನ್ನ ಅತ್ತೆ,
ತೀರ್ಥಮ್ಮ

ಇನ್ನೊಂದು ಮಾತು: ಎಲ್ಲ ಸರಿಯಾಗಿದೆ, ಶುಕ್ರವಾರ ಕಾರು ತರುತ್ತೇನೆ ಎಂದು ನಿನ್ನ ಗಂಡ ಫೋನ್ ಮಾಡುತ್ತಾನೆ. ಏನೂ ಸರಿಯಾಗಿಲ್ಲ. ಕೇಳಿದರೆ "ತಾಯಿ ಮಗು ಬಂದ್ಮೇಲೆ ಮಾಡಿದ್ರಾಯ್ತು, ಸುಮ್ನಿರವ್ವ" ಅನ್ನುತ್ತಾನೆ. ಆ ಹುಡುಗಿ ಮತ್ತೆ ಬಂದು ನೋಡಿ ಒಪ್ಪುವವರೆಗೆ ಹೊರಡಬೇಡ. ತೊಟ್ಟಿಲು ಕಟ್ಟಿಟ್ಟಿದ್ದೇನೆ. ಖಾಲಿ ತೊಟ್ಟಿಲು ತೂಗಬಾರದೆಂದು ಕೈ ಕಟ್ಟಿಕೊಂಡು ಅದರ ಮುಂದೆ ಕೂತಿರುತ್ತೇನೆ. ಆದರೂ ಬರಬೇಡ ಕಣೇ.